ಮ್ಯಾಗ್ನೆಟ್ ಇರುವ ಪ್ಲಗ್ ಸಾಕೆಟ್: 14 ತಿಂಗಳು ಬಳಸಿದ ಮೇಲೆ

ಕಾರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಹಾಕುವ ಒಂದು ಸಾಕೆಟ್ ಬಗ್ಗೆ ಇಷ್ಟುದ್ದ ಬರೆಯೋದಾ ಅಂತ ಅನ್ನಿಸಬಹುದು. ಅದಕ್ಕೇ ಮೊದಲು ಹಳೇ ಸಾಕೆಟ್ಟಿನ ಕಥೆ ಹೇಳಿಬಿಡುತ್ತೇನೆ.

ನಮ್ಮ ಕಾರಿಗೆ ಈಗ 21 ವರ್ಷ. 1.3 ಲೀಟರ್ ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್, 16 ವಾಲ್ವ್. ಇದರಲ್ಲಿ ಪ್ಲಗ್‌ಗಳು ಪಕ್ಕದಲ್ಲಿ ಕೈಗೆ ಸಿಗುವ ಹಾಗೆ ಇಲ್ಲ. ಎಂಜಿನ್ ಮೇಲಿನ ಕವರಿನ ನಡುವೆ ಸಾಲಾಗಿ ನಾಲ್ಕು ತೂತು, ಒಂದೊಂದರ ತಳದಲ್ಲಿ ಒಂದೊಂದು ಪ್ಲಗ್. ಗೇಣಿಗೆ ತುಸು ಕಮ್ಮಿ ಆಳ. ನಾನು ಅದನ್ನು ಬಾವಿ ಅಂತಲೇ ಕರೆಯೋದು. ಬೆರಳು ಹೋಗಲ್ಲ, ಕಣ್ಣಿಗೂ ಸರಿಯಾಗಿ ಕಾಣಲ್ಲ. ಒಳಗೆ ಇಳಿಸಿದ ಸಾಕೆಟ್ಟೇ ಪ್ಲಗ್ ಹಿಡಿದುಕೊಂಡು ಮೇಲೆ ಬರಬೇಕು, ಹಾಗೇ ಹೊಸದನ್ನು ಹಿಡಿದುಕೊಂಡು ಇಳಿಯಬೇಕು.

ಹಳೇ ಸಾಕೆಟ್ಟಿನಲ್ಲಿ ಅದಕ್ಕೆ ಅಂತ ಒಂದು ರಬ್ಬರ್ ಬಳೆ ಇತ್ತು. ಪ್ಲಗ್‌ನ ಬಿಳಿ ಪಿಂಗಾಣಿ ಭಾಗವನ್ನು ಅದು ಗಟ್ಟಿಯಾಗಿ ಹಿಡಿಯುತ್ತದೆ. ಹೊಸದರಲ್ಲಿ ಚೆನ್ನಾಗಿಯೇ ಇತ್ತು. ತೊಂದರೆ ಏನೆಂದರೆ, ಆ ಹಿಡಿತಕ್ಕೆ ಬಿಡೋದು ಗೊತ್ತಿಲ್ಲ. ಒಂದು ರಾತ್ರಿ ಎರಡನೇ ಸಿಲಿಂಡರಿಗೆ ಹೊಸ ಪ್ಲಗ್ ಬಿಗಿ ಮಾಡಿ, ಸಾಕೆಟ್ ಸಿಕ್ಕಿಸಿದ್ದ ಉದ್ದದ ರಾಡ್ ಮೇಲಕ್ಕೆ ಎಳೆದೆ. ರಾಡ್ ಬಂತು. ಸಾಕೆಟ್ ಬರಲಿಲ್ಲ. ರಾಡ್ ತುದಿಯಲ್ಲಿರುವ ಪುಟ್ಟ ಗುಂಡಿನ ಹಿಡಿತಕ್ಕಿಂತ ರಬ್ಬರಿನ ಹಿಡಿತವೇ ಜೋರಾಗಿತ್ತು. ಬಾವಿಗೆ ಬಿದ್ದ ಕೊಡ ತೆಗೆಯಲು ಪಾತಾಳಗರಡಿ ಇರುತ್ತದೆ, ಇದಕ್ಕೆ ಏನಿದೆ? ರಾಡ್ ತುದಿಗೆ ಇನ್ಸುಲೇಷನ್ ಟೇಪ್ ಒಂದು ಸುತ್ತು ಸುತ್ತಿ, ಸಾಕೆಟ್ಟಿನ ಚೌಕ ತೂತಿಗೆ ಒತ್ತಿ ಒತ್ತಿ ಕೂರಿಸಿ, ಅಲ್ಲಾಡಿಸಿ ಎಳೆದೆ. ನಾಲ್ಕನೇ ಸಲಕ್ಕೆ ಸಾಕೆಟ್ ಬಂತು. ಈ ಸಲ ರಬ್ಬರ್ ಬರಲಿಲ್ಲ! ಅದು ಪ್ಲಗ್ ಕೊರಳಿಗೆ ಕರಿ ಸರದ ಹಾಗೆ ಸಿಕ್ಕಿಕೊಂಡು ಕೆಳಗೇ ಉಳಿಯಿತು. ಉದ್ದ ಮೂತಿಯ ನೋಸ್ ಪ್ಲೈಯರ್ ಹಾಕಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಚೂರು ಚೂರಾಗಿ ಕಿತ್ತೆ. ಹನ್ನೊಂದೂವರೆ ಆಗಿತ್ತು. ಮಾರನೇ ದಿನವೇ ಮ್ಯಾಗ್ನೆಟ್ ಸಾಕೆಟ್ ತರಿಸಿದೆ.

ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಇದೇ ಮಾಲು ಬೇರೆ ಬೇರೆ ಹೆಸರು ಹೊತ್ತು ಬರುತ್ತದೆ, ಹೆಸರಿಗಿಂತ ಅಳತೆ ಮುಖ್ಯ. ನನ್ನದು 16 ಎಂಎಂ, ಆರು ಮೂಲೆ, 3/8 ಇಂಚಿನ ತಿರುಗಿಸುವ ಹಿಡಿಗೆ, ಅಂದರೆ ರ‍್ಯಾಚೆಟ್ಟಿಗೆ ಕೂರುವಂಥದ್ದು. ಸಾಕೆಟ್ಟಿಗೇ ಉದ್ದದ ರಾಡ್ ಸೇರಿಸಿದ್ದಾರೆ. ಎರಡರ ನಡುವೆ ಬಾಗುವ ಒಂದು ಗೆಣ್ಣು. ಒಳಗೆ ಬಳೆಯಾಕಾರದ ಮ್ಯಾಗ್ನೆಟ್ ಇದೆ, ಅದು ಪ್ಲಗ್‌ನ ಉಕ್ಕಿನ ಭಾಗವನ್ನು ಹಿಡಿಯುತ್ತದೆ, ಪಿಂಗಾಣಿ ತಂಟೆಗೆ ಹೋಗಲ್ಲ. ಸಾಕೆಟ್ ಮತ್ತು ರಾಡ್ ಒಂದೇ ತುಂಡಾದ್ದರಿಂದ ಬಾವಿಯಲ್ಲಿ ಬಿಟ್ಟು ಬರುವ ಪ್ರಶ್ನೆಯೇ ಇಲ್ಲ. ನಾನು ದುಡ್ಡು ಕೊಟ್ಟಿದ್ದು ಮುಖ್ಯವಾಗಿ ಇದಕ್ಕೇ.

ತರಿಸುವ ಮೊದಲು ನಿಮ್ಮ ಪ್ಲಗ್‌ನ ಅಳತೆ ನೋಡಿಕೊಳ್ಳಿ. ತೀರಾ ಹಳೇ ಕಾರುಗಳಲ್ಲಿ 20.8 ಎಂಎಂ ಇರುತ್ತದೆ, ಎಲ್ಲರ ಬಾಯಲ್ಲೂ ಅದು 21. ನನ್ನ ಕಾರಿನ ಕಾಲದವಕ್ಕೆ ಹೆಚ್ಚಾಗಿ 16. ಈಚಿನ ಕೆಲವು ಎಂಜಿನ್‌ಗಳಲ್ಲಿ 14 ಎಂಎಂ, ಅದೂ ಹನ್ನೆರಡು ಮೂಲೆಯದು. ಒಂದರ ಸಾಕೆಟ್ ಇನ್ನೊಂದಕ್ಕೆ ಆಗಲ್ಲ. ಸಾಕೆಟ್ಟಿನ ಹೊರ ದಪ್ಪವನ್ನೂ ನೋಡಿ. ಬಾವಿ ಇಕ್ಕಟ್ಟಾಗಿದ್ದರೆ ದಪ್ಪ ಗೋಡೆಯ ಸಾಕೆಟ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.

ಮೊದಲ ಬಳಕೆ ನನ್ನ ಕಾರಿನ ಮೇಲೆಯೇ. ಆ ರಾತ್ರಿ ಗಲಾಟೆಯಲ್ಲಿ ಕೆಲಸ ಅರ್ಧಕ್ಕೇ ನಿಂತಿತ್ತು. ಹಳೇ ಪ್ಲಗ್‌ಗಳು 38,000 ಕಿ.ಮೀ. ಓಡಿದ್ದವು. ಮಾಮೂಲಿ ನಿಕಲ್ ಪ್ಲಗ್‌ಗೆ ಅದು ಜಾಸ್ತಿಯೇ. ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಗಾಡಿ ಸಣ್ಣಗೆ ನಡುಗುತ್ತಿತ್ತು, ಏರಿನಲ್ಲಿ ಆಗಾಗ ಮಿಸ್ ಹೊಡೆಯುತ್ತಿತ್ತು.

ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟೆ. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂದು. ಬಿಸಿ ಇರುವಾಗ ಪ್ಲಗ್ ತಿರುಗಿಸಿದರೆ ಹೆಡ್‌ನ ಥ್ರೆಡ್ಡೇ ಕಿತ್ತು ಬರಬಹುದು. ಪ್ಲಗ್ ಹೋದರೆ ಹೋಯಿತು, ಹೆಡ್ ಹೋದರೆ ಕಥೆ ಬೇರೆ. ಆಮೇಲೆ ಒಂದು ಸಲಕ್ಕೆ ಒಂದೇ ಪ್ಲಗ್ ವೈರ್ ತೆಗೆಯೋದು. ನಾಲ್ಕೂ ಕಿತ್ತಿಟ್ಟು ಯಾವುದು ಎಲ್ಲಿಗೆ ಅಂತ ತಲೆ ಕೆರೆದುಕೊಳ್ಳೋದು ಬೇಡ. ಎಳೆಯುವಾಗ ವೈರ್ ಹಿಡಿಯಬಾರದು, ಅದರ ತುದಿಯ ರಬ್ಬರ್ ಕ್ಯಾಪ್ ಹಿಡಿದು ಅರ್ಧ ತಿರುವಿ ಕೊಟ್ಟು ಎಳೆಯಬೇಕು. ತಿರುವಿದಾಗ 'ಪಚ್' ಅಂತ ಒಂದು ಸದ್ದು ಬರುತ್ತದೆ, ರಬ್ಬರ್ ಪಿಂಗಾಣಿಯನ್ನು ಬಿಟ್ಟಿತು ಅಂತ ಅರ್ಥ. ಅದು ಕೇಳುವ ತನಕ ಎಳೆಯಲು ಹೋಗಬೇಡಿ. ಕ್ಯಾಪ್ ತೆಗೆದ ಮೇಲೆ ಬಾವಿಯೊಳಗೆ ಗಾಳಿ ಹೊಡೆದು ಮರಳು, ಧೂಳು ತೆಗೆಯಬೇಕು. ಪ್ಲಗ್ ಬಿಚ್ಚಿದ ಮೇಲೆ ಅಲ್ಲಿ ಏನಿದ್ದರೂ ಸೀದಾ ಪಿಸ್ಟನ್ ಮೇಲೆ ಬೀಳುತ್ತದೆ. ನನ್ನ ಹತ್ತಿರ ಕಂಪ್ರೆಸರ್ ಇಲ್ಲ, ಸೈಕಲ್ ಪಂಪಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿಕೊಂಡೆ, ಸಾಕಾಯಿತು.

ಒಳಗೆ ಸ್ವಚ್ಛ ಆಗಿದೆಯಾ ನೋಡಲು ನನ್ನಾಕೆಯ ಹಳೇ ಕನ್ನಡಿ ಬಳಸುತ್ತೇನೆ. ಅವಳು ಹಲ್ಲಿನ ಡಾಕ್ಟರ್. ಬಾಯೊಳಗೆ ಇಟ್ಟು ನೋಡುವ ಆ ಪುಟ್ಟ ಗುಂಡು ಕನ್ನಡಿ, ಉದ್ದ ಹಿಡಿಯದ್ದು, ಪ್ಲಗ್ ಬಾವಿಗೆ ಹೇಳಿ ಮಾಡಿಸಿದ ಹಾಗಿದೆ. "ರೀ, ಅದನ್ನ ಮತ್ತೆ ನನ್ನ ಬ್ಯಾಗಿಗೆ ಮಾತ್ರ ಹಾಕಬೇಡಿ" ಅಂತ ತಾಕೀತಾಗಿದೆ. ಆ ಕನ್ನಡಿಯಿಂದಲೇ ಮೂರನೇ ಬಾವಿಯಲ್ಲಿ ಆಯಿಲ್ ನಿಂತಿರೋದು ಕಂಡಿತು. ಮೇಲಿನ ಕವರಿನ ಸೀಲ್ ಗಟ್ಟಿಯಾಗಿ ಸೋರುತ್ತಿತ್ತು. ಬಟ್ಟೆಯನ್ನು ಕಡ್ಡಿಗೆ ಸುತ್ತಿ ಆಯಿಲ್ ಹೀರಿಸಿ, ಆಮೇಲೆ ಪ್ಲಗ್ ಬಿಚ್ಚಿದೆ. ಸೀಲನ್ನು ಮುಂದಿನ ತಿಂಗಳು ಬದಲಾಯಿಸಿದೆ.

ಆ ಮೂರನೇ ಪ್ಲಗ್ ಬಿಚ್ಚುವಾಗಲೇ ಸಾಕೆಟ್ಟಿನ ನಿಜವಾದ ಪರೀಕ್ಷೆ ಆಗಿದ್ದು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಅದನ್ನು ಜೀವ ಹೋಗುವ ಹಾಗೆ ಬಿಗಿ ಮಾಡಿದ್ದರು. ರ‍್ಯಾಚೆಟ್ ಮೇಲೆ ಭಾರ ಹಾಕಿದರೆ ಬಾಗುವ ಗೆಣ್ಣು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಸಾಕೆಟ್ ಓರೆಯಾದರೆ ಪಿಂಗಾಣಿ ಬಿರುಕು ಬಿಡುತ್ತದೆ ಅನ್ನೋ ಭಯ ಬೇರೆ. ಒಂದು ಕೈಯಲ್ಲಿ ರಾಡನ್ನು ನೆಟ್ಟಗೆ ಒತ್ತಿ ಹಿಡಿದು, ಇನ್ನೊಂದರಲ್ಲಿ ನಿಧಾನ ತಿರುಗಿಸಿದೆ. ಕಾಲು ಸುತ್ತು ಬಂದು ಕಿರ್ ಅಂದಿತು. ಅಲ್ಲಿಗೆ ನಿಲ್ಲಿಸಿದೆ. ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಬಿಟ್ಟು ಒಂದು ಗಂಟೆ ಕಾದೆ. ಆಮೇಲೆ ಒಂದಿಷ್ಟು ಬಿಚ್ಚೋದು, ಒಂದಿಷ್ಟು ಹಿಂದಕ್ಕೆ ಬಿಗಿ ಮಾಡೋದು, ಮತ್ತೆ ಬಿಚ್ಚೋದು. ಹಾಗೆ ಮಾಡಿ ಹೊರಗೆ ಬಂತು. ಥ್ರೆಡ್ಡಿಗೆ ಏನೂ ಆಗಿರಲಿಲ್ಲ.

ಆ ಗೆಣ್ಣು ನನಗೆ ಇಷ್ಟವಾಗಲಿಲ್ಲ. ತುಂಬಾ ಸಡಿಲ. ಬಾವಿಗೆ ಇಳಿಸುವಾಗ ಸಾಕೆಟ್ ಕುಡುಕನ ತಲೆಯ ಹಾಗೆ ಒಂದು ಪಕ್ಕಕ್ಕೆ ವಾಲುತ್ತದೆ. ಎಂಜಿನ್ ಹಿಂಭಾಗದಲ್ಲಿ ಓರೆಯಾಗಿ ಕೂತ ಪ್ಲಗ್‌ಗಳಿಗೆ ಗೆಣ್ಣು ಬೇಕಾಗಬಹುದು. ನಮ್ಮ ಹಾಗೆ ನೆಟ್ಟಗಿನ ಬಾವಿ ಇರುವವರಿಗೆ ಅದು ಸುಮ್ನೆ ತಲೆನೋವು. ನಾನು ಅದರ ಮೇಲೆ ಟೇಪ್ ಮೂರು ಸುತ್ತು ಬಿಗಿಯಾಗಿ ಸುತ್ತಿದ್ದೇನೆ, ಈಗ ಬೇಕೆಂದರೆ ಬಾಗುತ್ತದೆ, ತಾನಾಗಿ ವಾಲಲ್ಲ. ಕಂಪನಿಯವರೇ ಒಂದು ಸ್ಪ್ರಿಂಗ್ ಹಾಕಿದ್ದರೆ ಏನಾಗುತ್ತಿತ್ತು?

ಮ್ಯಾಗ್ನೆಟ್ ವಿಷಯಕ್ಕೆ ಬಂದರೆ, ಹಿಡಿತ ಚೆನ್ನಾಗಿದೆ. ಪ್ಲಗ್ ಸಿಕ್ಕಿಸಿ ತಲೆಕೆಳಗು ಮಾಡಿ ಕೊಡವಿದರೂ ಬೀಳಲ್ಲ. ಬಿಗಿ ಮಾಡಿದ ಮೇಲೆ ಮೇಲಕ್ಕೆ ಎಳೆದರೆ ತಕರಾರಿಲ್ಲದೆ ಬಿಡುತ್ತದೆ. ಪ್ಲಗ್ ಬೀಳದಿರೋದು ಸಣ್ಣ ವಿಷಯ ಅಲ್ಲ. ಹೊಸ ಪ್ಲಗ್ ಕೈ ಜಾರಿ ಬಾವಿ ತಳಕ್ಕೆ ಬಿದ್ದರೆ ತುದಿಯ ಕೊಕ್ಕೆ ಒಳಕ್ಕೆ ಬಾಗಿ ಕಿಡಿ ಹಾರುವ ಗ್ಯಾಪ್ ಮುಚ್ಚಿಹೋಗುತ್ತದೆ, ಪಿಂಗಾಣಿಗೆ ಕಣ್ಣಿಗೆ ಕಾಣದ ಬಿರುಕೂ ಬರಬಹುದು. ಆಮೇಲೆ ಹೊಸ ಪ್ಲಗ್ ಹಾಕಿದರೂ ಯಾಕೆ ಮಿಸ್ ಹೊಡೆಯುತ್ತಿದೆ ಅಂತ ಊರೆಲ್ಲ ಹುಡುಕಬೇಕು.

ಆದರೆ ಮ್ಯಾಗ್ನೆಟ್ಟಿಗೆ ವಿವೇಚನೆ ಇಲ್ಲ ನೋಡಿ. ಪ್ಲಗ್ ಹಿಡಿದ ಹಾಗೇ ಮಿಕ್ಕಿದ್ದೆಲ್ಲವನ್ನೂ ಹಿಡಿಯುತ್ತದೆ. ಎರಡನೇ ಸಲ ಕೆಲಸ ಮಾಡುವಾಗ ಏರ್ ಫಿಲ್ಟರ್ ಪೈಪಿನ ಒಂದು ಸಣ್ಣ ಬೋಲ್ಟ್ ಕಾಣೆಯಾಯಿತು. ಎಂಜಿನ್ ಕೆಳಗೆ, ಬ್ಯಾಟರಿ ಸಂದಿಯಲ್ಲಿ, ನನ್ನ ಚಪ್ಪಲಿ ಅಡಿಯಲ್ಲಿ, ಅರ್ಧ ಗಂಟೆ ಹುಡುಕಿದೆ. ಸಿಗಲಿಲ್ಲ. ಬೈದುಕೊಂಡು ಮುಂದಿನ ಪ್ಲಗ್ ಸಾಕೆಟ್ಟಿಗೆ ಹಾಕಿದರೆ ಪೂರ್ತಿ ಒಳಗೆ ಕೂರುತ್ತಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಬೋಲ್ಟ್ ಒಳಗೆ ಕೂತಿದೆ! ನೋಡದೆ ಜೋರಾಗಿ ಒತ್ತಿದ್ದರೆ ಪ್ಲಗ್ ಕಥೆ ಮುಗಿಯುತ್ತಿತ್ತು. ಆವತ್ತಿನಿಂದ ಪ್ರತಿ ಸಲ ಸಾಕೆಟ್ಟಿನ ಬಾಯಿ ನೋಡಿಯೇ ಪ್ಲಗ್ ಹಾಕೋದು. ಕಬ್ಬಿಣದ ಪುಡಿಯೂ ಅಂಟಿಕೊಳ್ಳುತ್ತದೆ. ಟೇಪಿನ ಅಂಟು ಬದಿಯನ್ನು ಬೆರಳಿಗೆ ಸುತ್ತಿ ಒತ್ತಿ ತೆಗೆದರೆ ಪುಡಿ ಬರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಸುಮ್ನೆ ಆಚೀಚೆ ಓಡಾಡುತ್ತದೆ ಅಷ್ಟೇ.

ಇನ್ನು ಹೊಸ ಪ್ಲಗ್ ಹಾಕುವ ಗಳಿಗೆ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ರ‍್ಯಾಚೆಟ್ ಪಕ್ಕಕ್ಕಿಟ್ಟು ರಾಡನ್ನು ಬರೀ ಎರಡು ಬೆರಳಲ್ಲಿ ಹಿಡಿದು, ಮೊದಲು ಹಿಂದಕ್ಕೆ ತಿರುಗಿಸಬೇಕು. ಬಿಚ್ಚುವ ದಿಕ್ಕಿಗೆ. ಒಂದು ಹಂತದಲ್ಲಿ ಪ್ಲಗ್ 'ಟಕ್' ಅಂತ ಕೂದಲೆಳೆಯಷ್ಟು ಕೆಳಗೆ ಕೂರುತ್ತದೆ. ಥ್ರೆಡ್ಡಿನ ಬಾಯಿಗೆ ಬಾಯಿ ಸೇರಿತು ಅಂತ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಬೆಣ್ಣೆಯ ಹಾಗೆ ಹೋಗುತ್ತದೆ. ಹೋಗಲಿಲ್ಲ ಅಂದರೆ ಥ್ರೆಡ್ ಅಡ್ಡ ಬಿದ್ದಿದೆ, ತೆಗೆದು ಮತ್ತೆ ಶುರು ಮಾಡಬೇಕು. ಟೇಪ್ ಸುತ್ತಿದ ಗೆಣ್ಣಿನಲ್ಲೂ ಈ 'ಟಕ್' ಬೆರಳಿಗೆ ಗೊತ್ತಾಗುತ್ತದೆ. ರಬ್ಬರ್ ಸಾಕೆಟ್ಟಿನಲ್ಲಿ ನನಗೆ ಒಂದು ಸಲವೂ ಗೊತ್ತಾಗಿರಲಿಲ್ಲ.

ಬೆರಳಲ್ಲಿ ಕೂತ ಮೇಲೆ ಬಿಗಿ ಮಾಡೋದು. ಕಾರಿನ ಪುಸ್ತಕದಲ್ಲಿ ಬಿಗಿಯ ಅಳತೆ 25 ನ್ಯೂಟನ್ ಮೀಟರ್ ಅಂತಿದೆ. 14 ಎಂಎಂ ಥ್ರೆಡ್, ವಾಷರ್ ಇರುವ ಪ್ಲಗ್, ಅಲ್ಯೂಮಿನಿಯಂ ಹೆಡ್, ಇಷ್ಟಿದ್ದರೆ 25ರಿಂದ 30ರ ಒಳಗೆ ಇರುತ್ತದೆ. ಚಕ್ರದ ನಟ್ಟಿಗೆ ಬಳಸುವ, ಬಿಗಿ ಅಳೆಯುವ ದೊಡ್ಡ ಟಾರ್ಕ್ ರೆಂಚ್ ಇದಕ್ಕೆ ಬೇಡ. ಅದರ ಅಳತೆ ಶುರುವಾಗುವ ಕಡೆಯೇ ನಮ್ಮ ಕೆಲಸ ಮುಗಿದಿರುತ್ತದೆ, ಅಲ್ಲಿ ಅದರ ಮಾತು ನಂಬುವ ಹಾಗಿಲ್ಲ. ನನ್ನದು ಸಣ್ಣದು. ರೆಂಚೇ ಇಲ್ಲದವರಿಗೆ ಪ್ಲಗ್ ಡಬ್ಬದ ಮೇಲೆಯೇ ಚಿತ್ರ ಇರುತ್ತದೆ. ಹೊಸ ವಾಷರ್ ಆದರೆ ಬೆರಳ ಬಿಗಿಯ ಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು. ಹಳೇದನ್ನೇ ಮತ್ತೆ ಹಾಕುವುದಾದರೆ ಸುತ್ತಿನ ಹನ್ನೆರಡನೇ ಒಂದು ಭಾಗ ಮಾತ್ರ, ಯಾಕೆಂದರೆ ಅದರ ವಾಷರ್ ಆಗಲೇ ಅಪ್ಪಚ್ಚಿಯಾಗಿರುತ್ತದೆ. ನಾನು ಸಾಕೆಟ್ ರಾಡಿನ ಮೇಲೆ ಬಿಳಿ ಗೆರೆ ಎಳೆದುಕೊಂಡು ಎರಡನ್ನೂ ಹೋಲಿಸಿ ನೋಡಿದೆ. ರೆಂಚ್ ಕಟಕ್ ಅನ್ನುವ ಹೊತ್ತಿಗೆ ಗೆರೆ ಅರ್ಧ ಸುತ್ತು ದಾಟಿ ತುಸು ಮುಂದೆ ಹೋಗಿತ್ತು. ನಡುವೆ ಒಂದು ಕಡೆ ವಾಷರ್ ಮೆತ್ತಗೆ ಕುಸಿಯೋದು ಕೈಗೆ ತಿಳಿಯುತ್ತದೆ, ಒಣ ರೊಟ್ಟಿ ಅಲ್ಲ, ಹಸಿ ಮಣ್ಣು ಒತ್ತಿದ ಹಾಗೆ.

ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಅಂತ ಸಲಹೆ ಕೊಡುವವರು ಬಹಳ ಜನ. ಎನ್‌ಜಿಕೆಯಂಥ ಪ್ಲಗ್ ಕಂಪನಿಯೇ ಬೇಡ ಅನ್ನುತ್ತದೆ. ಅವರ ಪ್ಲಗ್‌ಗೆ ಮೊದಲೇ ಲೇಪ ಇರುತ್ತದೆ. ಮೇಲೆ ಜಿಡ್ಡು ಬಿದ್ದರೆ ರೆಂಚಿನಲ್ಲಿ ಅದೇ 25 ತೋರಿಸಿದರೂ ನಿಜವಾಗಿ ಬಿಗಿ ಜಾಸ್ತಿಯಾಗಿರುತ್ತದೆ.

ಬಿಚ್ಚಿದ ನಾಲ್ಕೂ ಹಳೇ ಪ್ಲಗ್‌ಗಳನ್ನು ಪೇಪರ್ ಮೇಲೆ ನಂಬರ್ ಬರೆದು ಸಾಲಾಗಿ ಇಟ್ಟೆ. ಮೂತಿಗಳು ತಿಳಿ ಕಂದು ಬಣ್ಣ, ಅಂದರೆ ಎಂಜಿನ್ ಆರೋಗ್ಯ ಪರವಾಗಿಲ್ಲ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಒದ್ದೆ ಜಿಡ್ಡು ಇದ್ದರೆ ಆಯಿಲ್ ಉರಿಯುತ್ತಿದೆ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಬಿಸಿ ಮಿತಿ ಮೀರಿದೆ ಅಂತ ಲೆಕ್ಕ. ಪಿಂಗಾಣಿಯ ಬುಡದಲ್ಲಿ ಕಂದು ಬಳೆಯಂಥ ಕಲೆ ನೋಡಿ ಮೊದಲು ಗಾಬರಿಯಾಗಿದ್ದೆ, ಒಳಗಿನ ಹೊಗೆ ಸೋರುತ್ತಿದೆ ಅಂತ. ಅದಲ್ಲ. ಹೆಚ್ಚು ವೋಲ್ಟೇಜ್ ಸುತ್ತಲಿನ ಗಾಳಿಯಲ್ಲಿರುವ ಆಯಿಲ್ ಕಣಗಳನ್ನು ಸೆಳೆದು ಅಂಟಿಸುವ ಕಲೆ, ಅದರಿಂದ ತೊಂದರೆ ಇಲ್ಲ.

ಆದರೆ ಒಂದು ವಿಚಿತ್ರ ಕಂಡಿತು. ಎರಡು ಪ್ಲಗ್‌ಗಳಲ್ಲಿ ನಡುವಿನ ಕಡ್ಡಿ ಸವೆದು ದುಂಡಾಗಿತ್ತು. ಇನ್ನೆರಡರಲ್ಲಿ ನಡುವಿನ ಕಡ್ಡಿ ಪರವಾಗಿಲ್ಲ, ಮೇಲಿನ ಕೊಕ್ಕೆ ಸವೆದಿತ್ತು. ಗ್ಯಾಪ್ ಮಾತ್ರ ನಾಲ್ಕರಲ್ಲೂ 1.1 ಇರಬೇಕಾದ್ದು 1.4 ಎಂಎಂ ಹತ್ತಿರ ಹೋಗಿತ್ತು. ಕಾರಣ ನಮ್ಮ ಕಾರಿನಲ್ಲಿ ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್. ನಾಲ್ಕು ಸಿಲಿಂಡರಿಗೆ ಎರಡೇ ಕಾಯಿಲ್, 1 ಮತ್ತು 4 ಜೋಡಿ, 2 ಮತ್ತು 3 ಜೋಡಿ. ಒಂದೊಂದು ಜೋಡಿಯಲ್ಲಿ ಒಂದು ಪ್ಲಗ್‌ನಲ್ಲಿ ಕಿಡಿ ನಡುವಿನಿಂದ ಕೊಕ್ಕೆಗೆ ಹಾರಿದರೆ, ಇನ್ನೊಂದರಲ್ಲಿ ಕೊಕ್ಕೆಯಿಂದ ನಡುವಿಗೆ. ಕಿಡಿ ಎಲ್ಲಿಂದ ಹೊರಡುತ್ತದೋ ಆ ಕಡೆ ಸವೆತ ಜಾಸ್ತಿ.

ಇದು ಗೊತ್ತಾದ ಮೇಲೆ ಇರಿಡಿಯಂ ಪ್ಲಗ್ ಆಸೆ ಬಿಟ್ಟೆ. ಇರಿಡಿಯಂ ಒಳ್ಳೇ ಲೋಹ, ಅದರ ಬಗ್ಗೆ ತಕರಾರಿಲ್ಲ. 2,446 ಡಿಗ್ರಿಗೆ ಕರಗುವಂಥದ್ದು, ನಿಕಲ್ 1,455ಕ್ಕೇ ಕರಗುತ್ತದೆ. ಹಾಗಾಗಿಯೇ ತುದಿಯನ್ನು 0.6 ಎಂಎಂನಷ್ಟು ಸಪೂರ ಮಾಡಿದರೂ ಬಾಳುತ್ತದೆ. ಆದರೆ ಅಗ್ಗದ ಇರಿಡಿಯಂ ಪ್ಲಗ್‌ಗಳಲ್ಲಿ ಆ ಲೋಹ ನಡುವಿನ ತುದಿಗೆ ಮಾತ್ರ, ಕೊಕ್ಕೆ ಮಾಮೂಲಿ ನಿಕಲ್. ನಮ್ಮಂಥ ಕಾಯಿಲ್ ಇರುವ ಕಾರಿನಲ್ಲಿ ಎರಡು ಸಿಲಿಂಡರ್‌ಗಳಲ್ಲಿ ಸವೆಯೋದೇ ಕೊಕ್ಕೆ. ಎರಡೂ ಕಡೆ ಬೆಲೆಬಾಳುವ ಲೋಹ ಇರುವ ಪ್ಲಗ್ ಹಾಕಿದರೆ ಸರಿ, ಇಲ್ಲದಿದ್ದರೆ ಮಾಮೂಲಿ ನಿಕಲ್ ಹಾಕಿ 30,000 ಕಿ.ಮೀ. ಒಳಗೆ ಬದಲಾಯಿಸೋದೇ ಲೇಸು. ನಾನು ನಿಕಲ್ ಹಾಕಿದೆ.

ಪಕ್ಕದ ಮನೆಯವರದ್ದೂ ಇದೇ ಎಂಜಿನ್. ಅವರು ಇರಿಡಿಯಂ ತಂದುಬಿಟ್ಟಿದ್ದರು, ನಡುವೆ ಮಾತ್ರ ಇರುವಂಥದ್ದು. ಇದೇ ಸಾಕೆಟ್ಟಿನಲ್ಲಿ ನಾನೇ ಹಾಕಿಕೊಟ್ಟೆ. "ಹಾರ್ತಾ ಇದೆ ಸಾರ್ ಗಾಡಿ" ಅಂದರು. ನಮ್ಮದೂ ನಿಕಲ್ ಹಾಕಿಕೊಂಡು ಹಾರುತ್ತಲೇ ಇತ್ತು. ಸವೆದ ಪ್ಲಗ್ ತೆಗೆದು ಏನು ಹಾಕಿದರೂ ಮೊದಲ ವಾರ ಹಾರುತ್ತದೆ ಅಲ್ವಾ? ಅವರ ಖುಷಿಗೆ ಯಾಕೆ ಕಲ್ಲು ಹಾಕಲಿ ಅಂತ ಸುಮ್ಮನಿದ್ದೆ. ಗ್ಯಾಪ್ ಸರಿ ಮಾಡುತ್ತೇನೆ ಅಂತ ಅವರು ನಾಣ್ಯದಂಥ ಗೇಜ್ ಹಿಡಿದು ಸಪೂರ ತುದಿಗೆ ಒತ್ತಲು ಹೊರಟಾಗ ಮಾತ್ರ ಕೈ ಹಿಡಿದೆ. ಆ ತುದಿ ಮುರಿದರೆ ಕೊಟ್ಟ ದುಡ್ಡೆಲ್ಲ ಅಲ್ಲಿಗೇ ಹೋಯಿತು. ತಂತಿ ಗೇಜಿನಲ್ಲಿ ಅಳೆದು ನೋಡಿದೆವು, ಸರಿಯಾಗಿಯೇ ಇತ್ತು.

ಪ್ಲಗ್ ಕೊಳ್ಳುವಾಗ ನಂಬರ್ ಬಗ್ಗೆ ಒಂದು ಮಾತು, ನಾನೇ ಎಡವಬೇಕಿದ್ದ ಜಾಗ ಅದು. ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಹೆಡ್ಡಿಗೆ ದಾಟಿಸುತ್ತದೆ ಅನ್ನೋ ಬಿಸಿ ಲೆಕ್ಕದ ಅಂಕಿ (ಹೀಟ್ ರೇಂಜ್) ಎಲ್ಲ ಕಂಪನಿಗೂ ಒಂದೇ ಅಲ್ಲ. ಎನ್‌ಜಿಕೆ, ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ಹೆಚ್ಚಾದಷ್ಟು ಪ್ಲಗ್ ತಂಪು. ಬಾಷ್, ಚಾಂಪಿಯನ್‌ನಲ್ಲಿ ಉಲ್ಟಾ, ಅಂಕಿ ಹೆಚ್ಚಾದಷ್ಟು ಬಿಸಿ. ಎನ್‌ಜಿಕೆಯ 6ರ ಬದಲಿಗೆ ಇನ್ನೊಂದು ಕಂಪನಿಯ 6 ಕೇಳಿ ತಂದರೆ ಬೇರೇನೋ ಬರುತ್ತದೆ. ಹೊಂದಾಣಿಕೆ ಪಟ್ಟಿ ನೋಡಿಯೇ ಕೊಳ್ಳಿ.

14 ತಿಂಗಳಲ್ಲಿ ಈ ಸಾಕೆಟ್ ಮೂರು ಕಾರುಗಳಿಗೆ ಕೆಲಸ ಮಾಡಿದೆ. ನನ್ನದಕ್ಕೆ ಎರಡು ಸಲ, ಒಂದು ಹಾಕಲು, ಇನ್ನೊಂದು ಸುಮ್ನೆ ಬಿಚ್ಚಿ ನೋಡಲು. ಮ್ಯಾಗ್ನೆಟ್ ಶಕ್ತಿ ಕುಂದಿಲ್ಲ, ಮೂಲೆಗಳು ಸವೆದಿಲ್ಲ. ಮೇಲಿನ ಹೊಳಪು ಮಾತ್ರ ಗೆಣ್ಣಿನ ಹತ್ತಿರ ಎದ್ದು ಸಣ್ಣಗೆ ತುಕ್ಕು ಬಂದಿದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದುಕೊಂಡ ಒಂದು ಆ ಗೆಣ್ಣಿನ ಲೆಕ್ಕಕ್ಕೆ. ಗೆಣ್ಣಿಲ್ಲದ, ನೆಟ್ಟಗಿನ ರಾಡ್ ಇರುವ ಮಾದರಿ ಸಿಕ್ಕರೆ ಅದನ್ನೇ ಕೊಳ್ಳಿ.

ಫೋಟೋ ಹಾಕೋಣ ಅಂದುಕೊಂಡೆ, ಸಾಕೆಟ್ ಈಗ ಕೈಯಲ್ಲಿಲ್ಲ. ಕಳೆದ ಭಾನುವಾರ ಬಾಮೈದ ಬಂದು ತೆಗೆದುಕೊಂಡು ಹೋದ. ಅವನದು ಮೂರು ವರ್ಷದ ಕಾರು. "ನಿಂದಕ್ಕೆ 14 ಬೇಕೋ, ಇದು 16" ಅಂತ ಎರಡು ಸಲ ಹೇಳಿದೆ. "ಅಯ್ಯೋ ಪ್ಲಗ್ ಪ್ಲಗ್ಗೇ ಅಲ್ವಾ ಭಾವ" ಅಂದ. ಇನ್ನೂ ಫೋನ್ ಬಂದಿಲ್ಲ.